ಹೂಗಿಡದ ಕಾಯಿ: ಕೀಳುವುದೆಷ್ಟು, ಉಳಿಸುವುದೆಷ್ಟು?

ರಾಗಿ, ಭತ್ತ, ತೆಂಗು, ಅಡಿಕೆ, ಇವುಗಳ ವಿಚಾರವನ್ನು ಈ ವೇಳೆಯಲ್ಲಿ ನೀವು ಕೇಳುತ್ತಲೇ ಇರುತ್ತೀರಿ. ಇವತ್ತು ನಾನು ಮಾತನಾಡಬೇಕೆಂದಿರುವುದು ಅಂಗಳದ ಮತ್ತು ಹಿತ್ತಲಿನ ಹೂಗಿಡಗಳನ್ನು ಕುರಿತು. ಅದರಲ್ಲೂ ಹೂವನ್ನು ಕುರಿತಲ್ಲ. ಹೂವು ಉದುರಿದ ಮೇಲೆ ಅದೇ ಜಾಗದಲ್ಲಿ ಮೂಡುತ್ತದಲ್ಲ, ಆ ಕಾಯಿಯನ್ನು ಕುರಿತು. "ಹೂಗಿಡದ ಕಾಯಿಗೂ ಒಂದು ಭಾಷಣವೇ ಸ್ವಾಮಿ?" ಅಂತ ನೀವು ನಗಬಹುದು. ನಗುವವರು ನಗಲಿ. ಆದರೆ ಮನೆಯ ಹೆಂಗಸರು ಬೆಳಗಿನ ಜಾವ ಎದ್ದು ಕನಕಾಂಬರ ಬಿಡಿಸಿ, ಮಾಲೆ ಕಟ್ಟಿ, ಸಂತೆಗೋ ದೇವಸ್ಥಾನದ ಬಾಗಿಲಿಗೋ ಕಳಿಸಿ ಕೈಗೆ ನಾಲ್ಕು ಕಾಸು ಮಾಡಿಕೊಳ್ಳುವ ಸಂಸಾರಗಳು ನಮ್ಮಲ್ಲಿ ಎಷ್ಟೋ ಉಂಟು. ಅಂಥವರಿಗೆ ಈ ಕಾಯಿಯ ಲೆಕ್ಕ ಸಣ್ಣದಲ್ಲ.

ಹಳ್ಳಿಗೆ ಹೋದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದುಂಟು. "ಗಿಡದ ತುಂಬಾ ಕಾಯಿ ಕಟ್ಟಿದೆ, ಹೂವು ಕಮ್ಮಿಯಾಗಿದೆ. ಕಾಯಿ ಕಿತ್ತು ಬಿಸಾಕಬೇಕೋ, ಹಾಗೇ ಬಿಡಬೇಕೋ?" ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಒಂದೇ ಮಾತಿನ ಉತ್ತರ ಕೊಟ್ಟು ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಕಾಯಿ ಎಂದರೇನು ಎಂಬುದನ್ನು ನೋಡೋಣ.

ಗಿಡ ಹೂ ಬಿಡುವುದು ನಮ್ಮ ಮುಡಿಗಲ್ಲ, ದೇವರ ಪಟಕ್ಕೂ ಅಲ್ಲ. ತನ್ನ ಸಂತಾನಕ್ಕಾಗಿ. ಹೂವಿನೊಳಗೆ ಪರಾಗ ಸೇರಿತೆಂದರೆ ಹೂವಿನ ಕೆಲಸ ಮುಗಿಯಿತು. ಎಸಳು ಬಾಡುತ್ತದೆ, ಬುಡದ ಪುಟ್ಟ ಅಂಡಾಶಯ ಊದಿಕೊಂಡು ಕಾಯಿಯಾಗುತ್ತದೆ. ಅಲ್ಲಿಂದ ಮುಂದೆ ಗಿಡ ತಾನು ಎಲೆಯಲ್ಲಿ ತಯಾರಿಸಿದ ಆಹಾರದ ಒಂದು ದೊಡ್ಡ ಪಾಲನ್ನು ಆ ಕಾಯಿಗೆ ಹರಿಸುತ್ತದೆ. ಬಾಣಂತಿ ಮನೆಯಲ್ಲಿ ತುಪ್ಪವೆಲ್ಲ ಒಂದು ಕಡೆಗೆ ಹೋಗುವ ಹಾಗೆ ಅನ್ನಿ. ಹೊಸ ಮೊಗ್ಗಿಗೆ ಪಾಲು ಕಡಿಮೆಯಾಗುತ್ತದೆ. ಕರ್ಣಕುಂಡಲ, ಚೆಂಡುಹೂವಿನಂತಹ ಒಂದೇ ಹಂಗಾಮಿನ ಗಿಡಗಳಂತೂ ಬೀಜ ಬಲಿಯಿತೆಂದರೆ "ನನ್ನ ಕೆಲಸ ಆಯಿತು" ಎಂದು ಒಣಗಲು ಶುರು ಮಾಡುತ್ತವೆ. ಅದೇ ನೀವು ಹೂವು ಬಾಡಿದ ಕೂಡಲೆ ಕಾಯನ್ನು ತೆಗೆದುಹಾಕಿದಿರಿ ಎನ್ನಿ, ಗಿಡಕ್ಕೆ ಸಂತಾನದ ಆಸೆ ತೀರಿರುವುದಿಲ್ಲ. ಮತ್ತೆ ಚಿಗುರಿ, ಮತ್ತೆ ಮೊಗ್ಗು ಕಟ್ಟುತ್ತದೆ.

ಆದುದರಿಂದ ಹೂವು ಹೆಚ್ಚು ಬೇಕಾದವರು ಕಾಯಿ ಕೀಳಬೇಕು. ಇದು ಪುಸ್ತಕದಲ್ಲಿರುವ ಮಾತು, ನಿಜವಾದ ಮಾತು. ಆದರೆ ಅರ್ಧ ಮಾತು. ಆ ಅರ್ಧ ಮಾತಿನಿಂದ ಏನಾಯಿತು, ಕೇಳಿ.

ಈಗ್ಗೆ ಹನ್ನೆರಡು ವರ್ಷದ ಹಿಂದಿನ ಸಂಗತಿ. ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ನನ್ನ ಹೋಬಳಿಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದರು. ಬಾವಿಯ ಪಕ್ಕದ ಎರಡು ಗುಂಟೆಯಲ್ಲಿ ಕನಕಾಂಬರ ಹಾಕಿದ್ದರು. ತವರಿನಿಂದ ತಂದ ಹಳೆಯ ತಳಿ. ಕಡು ಕೇಸರಿ ಬಣ್ಣ, ಮಾಲೆ ಕಟ್ಟಿದರೆ ಮಾರನೆಯ ದಿನಕ್ಕೂ ಕಳೆಗುಂದದು. ಹೂವಾಡಗಿತ್ತಿಯರು ಅವರ ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ನಾನು ಹೋದ ದಿವಸ ಗಿಡದ ಮೇಲೆಲ್ಲ ಒಣಗಿದ ತೆನೆಗಳು. ನಾನು ಕಲಿತದ್ದನ್ನು ಹೇಳಿದೆ: "ಅಜ್ಜಿ, ಈ ತೆನೆಗಳನ್ನೆಲ್ಲ ಕತ್ತರಿಸಿ ಹಾಕಿ. ಹೂವು ಹೆಚ್ಚುತ್ತೆ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಕತ್ತರ್ಸಾಕ್ಬಿಟ್ರೆ ಬೀಜಕ್ಕೇನ್ ಮಾಡ್ಲಿ ಮಗಾ?" ಎಂದರು.

"ಬೀಜ ಪೇಟೆಯಲ್ಲಿ ಸಿಗುತ್ತೆ ಬಿಡಿ ಅಜ್ಜಿ" ಎಂದುಬಿಟ್ಟೆ.

ಓದಿದ ಹುಡುಗ ಹೇಳಿದನೆಂದು ಅವರು ಒಂದೂ ಬಿಡದೆ ಕತ್ತರಿಸಿದರು. ಹೂವು ಹೆಚ್ಚಿದ್ದು ನಿಜ. ದಸರೆ, ದೀಪಾವಳಿ ಎರಡಕ್ಕೂ ಒಳ್ಳೆಯ ಹಣ ಬಂತು. ನನಗೂ ಹೆಮ್ಮೆಯೇ. ಮುಂದಿನ ವರ್ಷ ಮಳೆಗಾಲ ಜೋರಾಯಿತು, ಮಡಿಯಲ್ಲಿ ನೀರು ನಿಂತಿತು, ಸೊರಗು ರೋಗ ಬಂತು. ಕನಕಾಂಬರಕ್ಕೆ ಇದು ದೊಡ್ಡ ಶತ್ರು ಎಂಬುದು ಬೆಳೆದವರಿಗೆಲ್ಲ ಗೊತ್ತು. ಹದಿನೈದು ದಿವಸದೊಳಗೆ ಆ ಎರಡು ಗುಂಟೆಯೂ ನೆಲ ಕಚ್ಚಿತು. ಮತ್ತೆ ಸಸಿ ಮಾಡೋಣವೆಂದರೆ ಮನೆಯಲ್ಲಿ ಒಂದು ಕಾಳು ಬೀಜವಿಲ್ಲ. ಪೇಟೆಯಲ್ಲಿ ಹುಡುಕಿದೆ. ಕನಕಾಂಬರ ಸಿಕ್ಕಿತು, ಅಜ್ಜಿಯ ಕನಕಾಂಬರ ಸಿಗಲಿಲ್ಲ. ಅಜ್ಜಿ ನನ್ನನ್ನು ಬೈಯಲಿಲ್ಲ. "ನಮ್ಮವ್ವ ಕೊಟ್ಟಿದ್ದು ಕಣಪ್ಪ" ಎಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಆ ದಿನ ಅನ್ನಿಸಿತು.

ಆವತ್ತಿನಿಂದ ನಾನು ಪೂರ್ತಿ ಮಾತು ಹೇಳುವುದನ್ನು ಕಲಿತೆ. ಪೂರ್ತಿ ಮಾತು ಇದು: ಮೊದಲು ಬೀಜದ ಗಿಡವನ್ನು ಆರಿಸಿ, ಗುರುತು ಕಟ್ಟಿ, ಆಮೇಲೆ ಉಳಿದ ಗಿಡಗಳ ಕಾಯಿ ಕೀಳಿ. ಈ ಕ್ರಮ ತಲೆಕೆಳಗಾಗಬಾರದು.

ಇದನ್ನು ಹೇಗೆ ಮಾಡಬೇಕೆಂದು ಒಂದೊಂದಾಗಿ ಹೇಳುತ್ತೇನೆ.

ಗಿಡಗಳು ತುಂಬು ಹೂವಿನಲ್ಲಿರುವಾಗ ಒಂದು ಬೆಳಿಗ್ಗೆ ಮಡಿಯ ಸುತ್ತ ನಿಧಾನವಾಗಿ ಓಡಾಡಿ. ನೂರು ಗಿಡವಿದ್ದರೆ ಹತ್ತನ್ನು ಆರಿಸಿಕೊಳ್ಳಿ. ಎಂಥ ಗಿಡ? ರೋಗವಿಲ್ಲದ್ದು, ಎಲೆ ಮುರುಟದೆ ಇರುವುದು, ಹೂವಿನ ಬಣ್ಣ ನಿಮ್ಮ ಮನಸ್ಸಿಗೆ ಒಪ್ಪಿದ್ದು, ಬೇಗ ಹೂವಿಗೆ ಬಂದದ್ದು, ಹೆಚ್ಚು ಹೂವು ಕೊಡುವುದು. ಅಂಚಿನಲ್ಲಿರುವ ಗಿಡ ಗೊಬ್ಬರದ ಗುಂಡಿಯ ಪಕ್ಕ ಇದ್ದು ಕೊಬ್ಬಿರಬಹುದು, ಅದಕ್ಕೆ ಮರುಳಾಗಬೇಡಿ. ಎಲ್ಲ ಗಿಡಗಳ ಹಾಗೆ ಅನ್ನ ನೀರು ಉಂಡೂ ಮೇಲೆ ನಿಂತ ಗಿಡವೇ ಒಳ್ಳೆಯ ಗಿಡ. ಆ ಹತ್ತಕ್ಕೂ ಬಣ್ಣದ ದಾರವನ್ನೋ ಹಳೆಯ ಸೀರೆಯ ಅಂಚನ್ನೋ ಕಟ್ಟಿ. ಮನೆಯವರಿಗೆಲ್ಲ ತಿಳಿಸಿ: "ದಾರ ಕಟ್ಟಿದ ಗಿಡದ ಕಾಯಿ ಮುಟ್ಟಬೇಡಿ."

ಬಹುಮಂದಿ ಮಾಡುವ ತಪ್ಪೇನೆಂದರೆ, ಹಂಗಾಮೆಲ್ಲ ಹೂವು ಬಿಡಿಸಿಕೊಂಡು, ಕೊನೆಗೆ ಗಿಡ ಸೋತು ಸುಣ್ಣವಾದ ಮೇಲೆ ಉಳಿದ ನಾಲ್ಕು ಜೊಳ್ಳು ಕಾಯಿಯನ್ನು ಬೀಜಕ್ಕೆ ಬಿಡುವುದು. ಹೊಟ್ಟೆಗಿಲ್ಲದೆ ಹುಟ್ಟಿದ ಬೀಜದಿಂದ ಎಂಥ ಸಸಿ ಬಂದೀತು? ಗಿಡಕ್ಕೆ ಕಸುವಿರುವಾಗಲೇ, ನಡುಹಂಗಾಮಿನ ಕಾಯಿಯನ್ನು ಬೀಜಕ್ಕೆ ಬಿಡಿ.

ದಾರ ಕಟ್ಟದ ಗಿಡಗಳಲ್ಲಿ ವಾರಕ್ಕೊಮ್ಮೆ ಕಾಯಿ, ಒಣಗಿದ ತೆನೆ, ಬಾಡಿದ ಹೂವು ತೆಗೆಯುತ್ತಿರಿ. ಕೈಯಲ್ಲಿ ಎಳೆದು ಕೊಂಬೆ ಸೀಳಬೇಡಿ. ಉಗುರಲ್ಲಿ ಚಿವುಟಿ, ಇಲ್ಲವೆ ಕತ್ತರಿಯಲ್ಲಿ ಕತ್ತರಿಸಿ. ರೋಗವಿಲ್ಲದ ಎಳೆಗಾಯಿಗಳನ್ನು ತಿಪ್ಪೆಗೆ ಹಾಕಿ; ಗೊಬ್ಬರವಾಗುತ್ತದೆ. ಬಲಿತ ಕಾಯಿಯನ್ನು ತಿಪ್ಪೆಗೆ ಹಾಕಿದರೆ ಮುಂದೆ ಹೊಲದಲ್ಲೆಲ್ಲ ಅದರ ಸಸಿಯನ್ನೇ ಕೀಳಬೇಕಾದೀತು. ರೋಗದ ಗಿಡದ ಕಾಯಾದರೆ ಸುಟ್ಟುಬಿಡಿ.

ಇನ್ನು ಒಂದೊಂದು ಗಿಡದ ಕಾಯಿಗೂ ಒಂದೊಂದು ಗುಣ. ಅದನ್ನು ತಿಳಿಯದೆ ಹೋದರೆ ಬೀಜ ಕೈಗೆ ಸಿಗುವುದಿಲ್ಲ.

ಮೊದಲು ಕನಕಾಂಬರ. ಇದರ ಹೂವು ತೆನೆಯ ಬುಡದಿಂದ ತುದಿಯ ಕಡೆಗೆ ಅರಳುತ್ತ ಹೋಗುತ್ತದೆ. ಕಾಯಿಯೂ ಅದೇ ಕ್ರಮದಲ್ಲಿ ಬಲಿಯುತ್ತದೆ. ಒಂದು ಕಾಯಿಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ಈ ಕಾಯಿಗೆ ನೀರು ಸೋಕಿದರೆ ಸಿಡಿಯುವ ಸ್ವಭಾವ. ಒಣಗಿದ ತೆನೆಯ ಮೇಲೆ ಒಂದು ಹದ ಮಳೆ ಬಿದ್ದಿತೋ, ಪಟಪಟನೆ ಸಿಡಿದು ಬೀಜವೆಲ್ಲ ದೂರ ಹಾರಿಹೋಗುತ್ತದೆ. ಆದುದರಿಂದ ಕನಕಾಂಬರದ ತೆನೆಯನ್ನು ಇಬ್ಬನಿ ಆರಿದ ಮೇಲೆ, ಬಿಸಿಲೇರಿದ ಹೊತ್ತಿನಲ್ಲಿ ಕೊಯ್ಯಬೇಕು. ಮೋಡ ಕಂಡರೆ ಅವತ್ತೇ ಕೊಯ್ದುಬಿಡಿ. ಬೀಜಕ್ಕೆ ಬಿಟ್ಟ ಗಿಡಕ್ಕೆ ಬಿಂದಿಗೆಯಿಂದ ತಲೆಯ ಮೇಲೆ ನೀರು ಹುಯ್ಯಬೇಡಿ, ಬುಡಕ್ಕೆ ಹಾಯಿಸಿ. ಕೊಯ್ದ ತೆನೆಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ನೆರಳಲ್ಲಿಡಿ. ನಾಲ್ಕಾರು ದಿನದ ಮೇಲೆ ಚೀಲದ ಮೇಲೇ ಕೈಯಿಂದ ಉಜ್ಜಿ, ಮೊರದಲ್ಲಿ ಕೇರಿದರೆ ಬೀಜ ಸಿಗುತ್ತದೆ. ಅವತ್ತೇ ಬಿತ್ತುವುದಾದರೆ ಮಾತ್ರ ತೆನೆಗಳನ್ನು ಬೋಗುಣಿಯಲ್ಲಿ ಹಾಕಿ, ನೀರು ಚಿಮುಕಿಸಿ, ತೆಳು ಬಟ್ಟೆ ಮುಚ್ಚಿ. ಒಳಗೆ ಹುರಿಗಾಳು ಸಿಡಿದ ಹಾಗೆ ಸದ್ದಾಗುತ್ತದೆ. ಮಕ್ಕಳಿಗೆ ಇದೊಂದು ತಮಾಷೆ. ಇಡಬೇಕಾದ ಬೀಜಕ್ಕೆ ಮಾತ್ರ ನೀರು ತಾಕಿಸಬೇಡಿ. ಕನಕಾಂಬರದ ಬೀಜವನ್ನು ಬಹುಕಾಲ ಇಡದೆ ಹೊಸದಾಗಿಯೇ ಬಿತ್ತುವುದು ಮೇಲು. ಮೊಳೆಯುವುದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಅವಸರಪಟ್ಟು ಮಡಿ ಕೆದಕಬೇಡಿ. ತಾಯಿಗಿಡದ ಬುಡದಲ್ಲಿ ತಾನೇ ಬಿದ್ದು ಹುಟ್ಟಿದ ಸಸಿಗಳನ್ನು ಕಳೆಯೆಂದು ಕೆತ್ತದೆ, ಮಣ್ಣುಸಹಿತ ಎತ್ತಿ ನೆಟ್ಟುಕೊಳ್ಳಿ.

ಇಲ್ಲಿ ಒಂದು ಮಾತು. ಡೆಲ್ಲಿ ಕನಕಾಂಬರ ಎಂದು ಒಂದು ಉಂಟು. ಅಗಲವಾದ ಹೂವು, ನೋಡಲು ಚೆಂದ. ಅದರಲ್ಲಿ ಬೀಜಕ್ಕಾಗಿ ಕಾಯಬೇಡಿ. ಅದು ಬೀಜ ಕಟ್ಟದ ತಳಿ. ಕಡ್ಡಿ ನೆಟ್ಟೇ ಬೆಳೆಸಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ಅರ್ಕಾ ಅಂಬರ, ಅರ್ಕಾ ಕನಕ ಮೊದಲಾದ ಕನಕಾಂಬರ ತಳಿಗಳನ್ನು ಹೊರತಂದಿದ್ದಾರೆ. ಹೊಸದನ್ನು ತರುವಾಗ ಬೀಜದಿಂದ ಬೆಳೆಸುವುದೋ ಕಡ್ಡಿಯಿಂದಲೋ ಎಂದು ಕೇಳಿ ತಿಳಿದುಕೊಂಡೇ ತನ್ನಿ.

ಎರಡನೆಯದು ಶಂಖಪುಷ್ಪ. ಇದು ಅವರೆ, ತೊಗರಿಯ ನೆಂಟ. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಬೆರಳುದ್ದದ ಚಪ್ಪಟೆ ಕಾಯಿ. ಇದರ ಗುಣ ಕನಕಾಂಬರಕ್ಕೆ ತದ್ವಿರುದ್ಧ. ಒಣಗಿ ಬಿಸಿಲು ಬಿದ್ದರೆ ತಿರುಚಿಕೊಂಡು ಸೀಳಿ ಬೀಜ ಚೆಲ್ಲುತ್ತದೆ. ಆದ್ದರಿಂದ ಕಾಯಿ ಕಂದು ಬಣ್ಣಕ್ಕೆ ತಿರುಗಿದ ಕೂಡಲೆ, ಇಬ್ಬನಿಯ ತಂಪಿರುವಾಗ, ಬೆಳಿಗ್ಗೆ ಬಿಡಿಸಬೇಕು. ಬೀಜದ ಸಿಪ್ಪೆ ಗಟ್ಟಿ. ಬಿತ್ತುವ ಮುಂಚೆ ಒರಟು ಕಲ್ಲಿನ ಮೇಲೆ ಹಗುರವಾಗಿ ಉಜ್ಜಿ, ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ಹೀಗೆ ಮಾಡದೆ ಬಿತ್ತಿದವರು "ಬೀಜ ಕೆಟ್ಟಿತ್ತು" ಎಂದು ದೂರುತ್ತಾರೆ. ಬೀಜ ಕೆಟ್ಟಿರುವುದಿಲ್ಲ, ನೀರು ಒಳಗೆ ಇಳಿದಿರುವುದಿಲ್ಲ. ಬೇಲಿಯಂಚಿನ ರತ್ನಗಂಧಿಗೂ ಇದೇ ಉಪಚಾರ. ಅದರ ಚಪ್ಪಟೆ ಕಾಯಿಯೂ ಒಣಗಿದರೆ ಎರಡು ಹೋಳಾಗಿ ಸಿಡಿಯುತ್ತದೆ, ಅದರ ಬೀಜವೂ ಗಟ್ಟಿಯೇ.

ಮೂರನೆಯದು ಕರ್ಣಕುಂಡಲ. ಇದರ ಕಾಯಿ ಮುಟ್ಟಿದರೆ ಮುನಿ. ಮೈಮೇಲೆ ಸಣ್ಣ ರೋಮ, ನಡು ದಪ್ಪ. ಬಲಿತ ಕಾಯಿಗೆ ಬೆರಳು ಸೋಕಿದರೆ ಸಾಕು, ಎಸಳು ಸುರುಳಿ ಸುತ್ತಿಕೊಂಡು ಬೀಜ ಎಗರುತ್ತದೆ. ಹಸಿರು ಮಾಸಿ ತುಸು ಹಳದಿಗೆ ತಿರುಗಿದಾಗ, ಕಾಯಿಯನ್ನು ಇಡಿಯಾಗಿ ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಬಿಡಿಸಿ. ಕೈಯೊಳಗೇ ಸಿಡಿಯಲಿ, ನಷ್ಟವಿಲ್ಲ. ಇಲ್ಲವೆ ಹಿಂದಿನ ದಿನವೇ ತೆಳು ಬಟ್ಟೆಯ ಪುಟ್ಟ ಚೀಲವನ್ನು ಕೊಂಬೆಗೆ ಕಟ್ಟಿಬಿಡಿ.

ಚೆಂಡುಹೂವಿಗೆ ಇಂಥ ಕಾಯಿಲ್ಲ. ಹೂವಿನ ತಲೆಯೇ ಒಣಗಿ, ಒಳಗೆ ಸೂಜಿಯಂಥ ಕಪ್ಪು ಬೀಜ ನಿಂತಿರುತ್ತದೆ. ನಾಟಿ ಚೆಂಡುಹೂವಾದರೆ ಬೀಜ ಹಿಡಿಯಬಹುದು. ಆದರೆ ಜೇನುನೊಣ ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಹಳದಿ, ಕಿತ್ತಳೆ ಪಕ್ಕಪಕ್ಕದಲ್ಲಿದ್ದರೆ ಮುಂದೆ ಬಣ್ಣ ಬೆರೆಯುತ್ತದೆ. ಬೀಜಕ್ಕೆಂದು ಬೆಳೆಯುವ ಬಣ್ಣವನ್ನು ಹೊಲದ ಇನ್ನೊಂದು ಮೂಲೆಗೆ ಹಾಕಿ. ಜಾತಿಗೆ ಹೊಂದದ ಗಿಡ ಕಂಡರೆ ಮೊದಲ ಹೂವಿಗೇ ಕಿತ್ತುಹಾಕಿ. ಹಾಗೆ ಮಾಡಿದರೂ ಬೆರಕೆ ಪೂರ್ತಿ ತಪ್ಪದು, ಕಡಿಮೆಯಾದೀತು.

ಪೇಟೆಯಿಂದ ಹೈಬ್ರಿಡ್ ಸಸಿ ತಂದು ನೆಟ್ಟವರು ಮಾತ್ರ ಅದರ ಬೀಜ ಹಿಡಿಯಲು ಹೋಗಬೇಡಿ. ಏಕೆ? ಆಸ್ಟ್ರಿಯಾ ಸಾಮ್ರಾಜ್ಯದ ಬ್ರೂನ್ ಎಂಬ ಊರಿನ ಮಠದ ತೋಟದಲ್ಲಿ ಮೆಂಡೆಲ್ ಎಂಬ ಪಾದ್ರಿ ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆದು, ಕಾಯಿ ಬಿಡಿಸಿ, ಕಾಳು ಎಣಿಸಿ ಇದರ ಗುಟ್ಟನ್ನು ಕಂಡುಹಿಡಿದನು. 1865ರಲ್ಲಿ ಅದನ್ನು ಜನರ ಮುಂದೆ ಓದಿದನು. ನೇರಳೆ ಹೂವಿನ ಬಟಾಣಿಗೂ ಬಿಳಿ ಹೂವಿನ ಬಟಾಣಿಗೂ ಕೂಡಿಸಿದರೆ ಮೊದಲ ಪೀಳಿಗೆಯೆಲ್ಲ ನೇರಳೆ. ಆ ನೇರಳೆಯ ಬೀಜವನ್ನು ಬಿತ್ತಿದರೆ ಸುಮಾರು ಮೂರು ಪಾಲು ನೇರಳೆ, ಒಂದು ಪಾಲು ಬಿಳಿ. ಅಡಗಿದ್ದ ಅಜ್ಜಿಯ ಗುಣ ಮೊಮ್ಮಗಳಲ್ಲಿ ಕಾಣಿಸಿಕೊಂಡಂತೆ. ಹೈಬ್ರಿಡ್ ಗಿಡವೆಂದರೆ ಆ ಮೊದಲ ಪೀಳಿಗೆ. ಅದು ಒಂದೇ ಸಮ, ಒಂದೇ ಗಾತ್ರ. ಅದರ ಬೀಜ ಬಿತ್ತಿದಿರೋ, ಒಂದು ಗಿಡ ಎತ್ತರ, ಒಂದು ಕುಳ್ಳು, ಒಂದರ ಹೂವು ದುಂಡು, ಒಂದರದು ಒಂಟಿ ಎಸಳು. ಮಾರುಕಟ್ಟೆಗೆ ಆಗುವುದಿಲ್ಲ. ಅಲ್ಲಿ ಬಾಡಿದ ಹೂವನ್ನೆಲ್ಲ ನಿಶ್ಚಿಂತೆಯಿಂದ ಕೀಳಿ.

ಮಲ್ಲಿಗೆ, ಗುಲಾಬಿ, ಸೇವಂತಿಗೆ, ದಾಸವಾಳ ಇವುಗಳಿಗೂ ಬೀಜದ ದಾರಿ ಬೇಡ. ಕಡ್ಡಿ, ಕಣ್ಣು ಕಸಿ, ಬುಡದ ಕಂದು, ಇವೇ ಸರಿ. ಗುಲಾಬಿ ಕಾಯಿ ಕಟ್ಟಿದರೆ ಕತ್ತರಿಸಿ. ಗಿಡಕ್ಕೆ ಸುಮ್ಮನೆ ಹೊರೆ.

ಬೀಜ ಕೈಗೆ ಬಂದಾಯಿತು. ಈಗ ಒಣಗಿಸುವ ಮಾತು. ಮೊದಲ ದಿನವೇ ಉರಿಬಿಸಿಲಿನ ಸಿಮೆಂಟು ನೆಲದ ಮೇಲೆ, ತಗಡಿನ ಮೇಲೆ ಹರಡಬೇಡಿ. ಒಳಗಿನ ಜೀವ ಬೇಯುತ್ತದೆ. ಗಾಳಿಯಾಡುವ ನೆರಳಿನಲ್ಲಿ, ಕಾಗದದ ಮೇಲೆ, ವಾರದ ಮಟ್ಟಿಗೆ ಒಣಗಿಸಿ. ಬೀಜಶಾಸ್ತ್ರ ಬಲ್ಲ ಹ್ಯಾರಿಂಗ್ಟನ್ ಎಂಬುವರು ಹೇಳಿದ ಒಂದು ಸೂತ್ರವುಂಟು: ಬೀಜದ ತೇವ ಶೇಕಡ 1ರಷ್ಟು ಕಡಿಮೆಯಾದರೆ ಅದರ ಆಯುಸ್ಸು ಎರಡು ಪಟ್ಟಾಗುತ್ತದೆ, ಇಟ್ಟ ಜಾಗದ ಬಿಸಿ 5 ಡಿಗ್ರಿ ಸೆಲ್ಸಿಯಸ್ ತಗ್ಗಿದರೂ ಹಾಗೆಯೇ. ಇದು ಅಂದಾಜಿನ ಸೂತ್ರ, ಎಲ್ಲ ಬೀಜಕ್ಕೂ ಕರಾರುವಾಕ್ಕಲ್ಲ. ಆದರೆ ಅದರ ತಿರುಳನ್ನು ಮರೆಯಬಾರದು: ಬೀಜ ಒಣಗಿರಬೇಕು, ತಂಪಿನಲ್ಲಿರಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿರುತ್ತದೆ, ತಂಪಿರುವುದಿಲ್ಲ. ಬಚ್ಚಲ ಗೋಡೆಯ ಗೂಡಿನಲ್ಲಿ ತಂಪಿರುತ್ತದೆ, ಒಣಗಿರುವುದಿಲ್ಲ. ಎರಡೂ ಬೇಡ.

ಗಾಜಿನ ಸೀಸೆ ತೆಗೆದುಕೊಳ್ಳಿ. ತಳಕ್ಕೆ ಚೆನ್ನಾಗಿ ಹುರಿದು ಆರಿಸಿದ ಅಕ್ಕಿ ಅಥವಾ ಒಣ ಇದ್ದಿಲು ಎರಡು ಹಿಡಿ ಹಾಕಿ. ಅದು ಸೀಸೆಯೊಳಗಿನ ತೇವವನ್ನು ಹೀರುತ್ತದೆ. ಅದರ ಮೇಲೆ ಬೀಜದ ಕಾಗದದ ಪೊಟ್ಟಣಗಳನ್ನಿಟ್ಟು, ಮುಚ್ಚಳ ಬಿಗಿ ಮಾಡಿ, ಮನೆಯ ತಂಪು ಮೂಲೆಯಲ್ಲಿಡಿ. ಪೊಟ್ಟಣದ ಮೇಲೆ ಗಿಡದ ಹೆಸರು, ಹೂವಿನ ಬಣ್ಣ, ಕೊಯ್ದ ತಿಂಗಳು ಮತ್ತು ವರ್ಷ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಕೊಡಿ. "ನೆನಪಿರುತ್ತೆ ಬಿಡಿ" ಅನ್ನುವವರಿಗೆ ಜೂನ್ ತಿಂಗಳಲ್ಲಿ ಯಾವುದೂ ನೆನಪಿರುವುದಿಲ್ಲ.

ಬಿತ್ತುವ ಮುಂಚೆ ಮೊಳಕೆಯ ಪರೀಕ್ಷೆ ಮಾಡಿ. 50 ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿ, ತೇವ ಆರದಂತೆ ನೆರಳಿನಲ್ಲಿಡಿ. ಕನಕಾಂಬರಕ್ಕೆ ಮೂರು ವಾರ ಕಾಯಿರಿ, ಚೆಂಡುಹೂವಿಗೆ ಒಂದು ವಾರ ಸಾಕು. 40 ಮೊಳೆತರೆ ಬೀಜ ಒಳ್ಳೆಯದು. 20 ಮಾತ್ರ ಮೊಳೆತರೆ ಎರಡರಷ್ಟು ಬೀಜ ಚೆಲ್ಲಿ. ಐದೋ ಆರೋ ಆದರೆ ಅದನ್ನು ನಂಬಿ ಕೂರಬೇಡಿ, ಬೇರೆ ಬೀಜ ನೋಡಿ.

ತಾಯಂದಿರೆ, ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಎಲ್ಲ ಹೂಗಿಡದ ಕಾಯಿಯೂ ಸಾಧುವಲ್ಲ.

ಹಳದಿ ಕಣಗಿಲೆ ನಮ್ಮ ದೇವಸ್ಥಾನ, ಶಾಲೆ, ಬೇಲಿ, ಎಲ್ಲ ಕಡೆಯೂ ಇದೆ. ಅದರ ಹಸಿರು ಕಾಯಿಯನ್ನು ಮಕ್ಕಳು ಆಟಕ್ಕೆ ಆಯುತ್ತಾರೆ. ಆ ಕಾಯಿಯೊಳಗಿನ ಬೀಜ ಹೃದಯವನ್ನು ನಿಲ್ಲಿಸಬಲ್ಲ ವಿಷ. ಕೆಂಪು, ಬಿಳಿ ಕಣಗಿಲೆಯ ಎಲೆ, ಕಾಯಿ, ಕಡ್ಡಿ ಎಲ್ಲವೂ ವಿಷವೇ. ಕತ್ತರಿಸಿದ ಸೊಪ್ಪನ್ನು ದನದ ಗೋದಲಿಯ ಹತ್ತಿರ ಹಾಕಬೇಡಿ. ಶಿವನಿಗೇರುವ ದತ್ತೂರಿಯ ಮುಳ್ಳುಕಾಯಿಯ ಬೀಜ ಬುದ್ಧಿಯನ್ನೇ ಕೆಡಿಸುತ್ತದೆ. ಸಂಜೆಮಲ್ಲಿಗೆಯ ಬೀಜ ನೋಡಲು ಕರಿಮೆಣಸಿನ ಹಾಗೇ ಇದೆ, ಅದೂ ತಿನ್ನುವಂಥದಲ್ಲ. ಅದನ್ನು ಅಡಿಗೆಮನೆಯ ಡಬ್ಬಿಯಲ್ಲಿ ಎಂದೂ ಇಡಬೇಡಿ. ಸದಾಪುಷ್ಪದ ಗಿಡದಿಂದ ಕ್ಯಾನ್ಸರಿನ ಔಷಧಗಳನ್ನು ತೆಗೆಯುತ್ತಾರೆ ಎಂಬುದು ನಿಜ. ಅದು ಕಾರ್ಖಾನೆಯಲ್ಲಿ ಶೋಧಿಸಿ, ವೈದ್ಯರು ಅಳೆದು ಕೊಡುವ ಔಷಧ. ಮನೆಯಲ್ಲಿ ಅರೆದು ಕುಡಿದರೆ ವಿಷ.

ಮಕ್ಕಳು ಓಡಾಡುವ ಮನೆಯಲ್ಲಿ ಹಳದಿ ಕಣಗಿಲೆ ಇದ್ದರೆ ಕಾಯಿ ಕಟ್ಟಿದ ಕೂಡಲೆ ಕಿತ್ತು ಆಳವಾಗಿ ಹೂಳಿ. ಒಂದು ವೇಳೆ ಮಗು ತಿಂದಿತು ಎನ್ನಿ. ಹುಣಸೆನೀರು, ಉಪ್ಪುನೀರು, ಮಂತ್ರ, ಯಾವುದಕ್ಕೂ ಕಾಯಬೇಡಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಮಗು ಆಡಿಕೊಂಡೇ ಇದೆಯಲ್ಲ ಎಂದು ಸುಮ್ಮನಿರಬೇಡಿ. ಈ ವಿಷದ ಕೆಡುಕು ಕೆಲವು ಗಂಟೆಗಳ ಮೇಲೂ ಕಾಣಿಸಿಕೊಳ್ಳಬಹುದು. 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ತಿಂದ ಕಾಯಿಯ ಒಂದು ಚೂರನ್ನು ಜೊತೆಗೆ ತೆಗೆದುಕೊಂಡು ಹೋಗಿ, ವೈದ್ಯರಿಗೆ ತೋರಿಸಿ.

ಇನ್ನೊಂದು ಎಚ್ಚರಿಕೆ. ಕಾಡಂಚಿನಲ್ಲಿರುವವರು ಅಂಗಳದ ಬಲಿತ ಕಾಯಿಗಳನ್ನು ಹಳ್ಳಕ್ಕೆ, ಕಾಡಿನ ಕಡೆಗೆ ಎಸೆಯಬೇಡಿ. ಇವತ್ತು ಬಂಡೀಪುರದಂಥ ಕಾಡುಗಳಲ್ಲಿ ಹುಲ್ಲು ಬೆಳೆಯದ ಹಾಗೆ ಹಬ್ಬಿರುವ ಲಂಟಾನ ಮೊದಲು ನಮ್ಮ ದೇಶಕ್ಕೆ ಬಂದದ್ದು ಅಂದದ ಹೂಗಿಡವಾಗಿ. ಅದರ ಹಣ್ಣನ್ನು ಹಕ್ಕಿಗಳು ತಿಂದು ಹರಡಿದವು. ಚೆಂದವೆಂದು ತಂದದ್ದು ಕೈಮೀರಿದರೆ ದನಕ್ಕೂ ಮೇವಿಲ್ಲ, ಆನೆಗೂ ಮೇವಿಲ್ಲ.

ಕೊನೆಯದಾಗಿ ಒಂದು ಮಾತು. ನೀವು ಹಿಡಿದ ಬೀಜವನ್ನು ಸೀಸೆಯಲ್ಲೇ ಬಚ್ಚಿಡಬೇಡಿ. ಮೂರು ಪಾಲು ಮಾಡಿ. ಒಂದು ಪಾಲು ಬಿತ್ತನೆಗೆ. ಒಂದು ಪಾಲು ಮನೆಯಲ್ಲಿ, ಈ ಸಲದ ಬಿತ್ತನೆ ಕೆಟ್ಟರೆ ಇರಲೆಂದು. ಮೂರನೆಯ ಪಾಲನ್ನು ಬೇರೆ ಊರಿನ ಒಬ್ಬರಿಗೆ ಕೊಡಿ. ಬೇರೆ ಊರು ಏಕೆಂದರೆ, ನಿಮ್ಮ ಊರಿನ ಮಳೆ ನಿಮ್ಮ ಮಡಿಯನ್ನು ಕೊಂದರೆ ಅಲ್ಲಿಯದಾದರೂ ಉಳಿದೀತು. "ಹೀಗೆ ಬೀಜ ಕೊಟ್ಟು ತೆಗೆದುಕೊಂಡರೆ ಕಾನೂನಿನ ತೊಂದರೆ ಉಂಟೇ?" ಎಂದು ಕೆಲವರು ಕೇಳುತ್ತಾರೆ. ಇಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ರೈತನು ತಾನು ಬೆಳೆದ ಬೀಜವನ್ನು ಉಳಿಸಲು, ಬಿತ್ತಲು, ಹಂಚಿಕೊಳ್ಳಲು, ವಿನಿಮಯ ಮಾಡಲು, ಮಾರಲು ಹಕ್ಕು ಕೊಟ್ಟಿದೆ. ಕಾಯಿದೆಯಡಿ ನೋಂದಾಯಿಸಿದ ತಳಿಯ ಬೀಜವನ್ನು ಕಂಪನಿಯ ಹಾಗೆ ಹೆಸರು, ಗುರುತು ಹಾಕಿ ಪೊಟ್ಟಣ ಮಾಡಿ ಮಾರಬಾರದು, ಅಷ್ಟೆ.

ಅಜ್ಜಿಯ ಕಥೆ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸುತ್ತೇನೆ. ಮಡಿ ಸತ್ತ ಮರುವರ್ಷ ಸಂಕ್ರಾಂತಿಗೆ ಅವರ ಮಗಳು ತವರಿಗೆ ಬಂದಿದ್ದರು. ಖಾಲಿ ಮಡಿ ನೋಡಿ, "ಏನವ್ವ, ಕನಕಾಂಬ್ರ ಎಲ್ಲಿ?" ಎಂದರಂತೆ. ಅಜ್ಜಿ ನಡೆದದ್ದು ಹೇಳಿದರು. "ಅಯ್ಯೋ, ನನ್ನ ಮದ್ವೇಲಿ ನೀನೇ ಗಂಟು ಕಟ್ಕೊಟ್ಟಿದ್ದಲ್ಲವ್ವಾ, ನಮ್ಮ ಹಿತ್ತಲಲ್ಲಿ ಇನ್ನೂ ಐತೆ" ಎಂದರು ಮಗಳು. ಮುಂದಿನ ಸಲ ಬರುವಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಬೀಜ ಕಟ್ಟಿಕೊಂಡು ಬಂದರು. ಈ ಸಲ ನೀರು ಬಸಿದು ಹೋಗುವಂತೆ ಏರುಮಡಿ ಮಾಡಿ, ಜಾಗ ಬದಲಾಯಿಸಿ ಹಾಕಿದೆವು. ಹೂವು ಬಂದ ದಿನ ಅಜ್ಜಿ ನನಗೊಂದು ಮಾತು ಹೇಳಿಕಳಿಸಿದರು: "ಆ ಹುಡುಗನ್ನ ಬರೇಳು. ಯಾವ ಗಿಡಕ್ಕೆ ದಾರ ಕಟ್ಬೇಕು ನಾನು ತೋರುಸ್ತೀನಿ."

ಹೋದೆ. ಅವರು ತೋರಿಸಿದ ಗಿಡಗಳಿಗೆ ನಾನು ದಾರ ಕಟ್ಟಿದೆ.

ನಿಮ್ಮ ಹಿತ್ತಲಿನಲ್ಲೂ ಇಂಥ ಒಂದು ಹಳೆಯ ಹೂವು ಇದ್ದೀತು. ನಾಳೆ ಬೆಳಿಗ್ಗೆ ಹೂವು ಬಿಡಿಸಲು ಹೋಗುವಾಗ ಕೈಯಲ್ಲಿ ಒಂದು ತುಂಡು ದಾರವನ್ನೂ ಹಿಡಿದುಕೊಂಡು ಹೋಗಿ. ಹೆಚ್ಚಿನ ವಿವರ ಬೇಕಾದವರು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಬಂದು ಕೇಳಿ.